ಕಾಯುವ ಸುಖ
ಮಿಕ್ಸರಿಗೆಂದು ಕೂಡಿಟ್ಟ ಹಣದಲ್ಲಿ ನಾನು ಕೊಂಡದ್ದು ಯಾರೋ ಬಳಸಿ ಬಿಟ್ಟ ವಾಲ್ವ್ ಪ್ರಿಆಂಪ್ಲಿಫೈಯರ್. "ಅಮ್ಮನಿಗೆ ಅರವತ್ತಕ್ಕೆ ಮುಂಚೆಯೇ ಅರಳು ಮರಳು" ಎಂದು ಮಗಳು ನಕ್ಕಳು. ರೆಕಾರ್ಡಿನ ಮೇಲೆ ಓಡುವ ಮುಳ್ಳಿನಿಂದ ಹುಟ್ಟುವ ಕೆಲವೇ ಮಿಲಿವೋಲ್ಟಿನ ಪಿಸುದನಿಯನ್ನು ಹಿಗ್ಗಿಸಿ ಆಂಪ್ಲಿಫೈಯರಿಗೆ ದಾಟಿಸುವುದು ಇದರ ಕೆಲಸ. ಒಳಗಿರುವುದು ಹೆಬ್ಬೆರಳಿನಷ್ಟು ದಪ್ಪದ ಇಸಿಸಿ83 ಎಂಬ ಗಾಜಿನ ವಾಲ್ವುಗಳು.

ಸ್ವಿಚ್ ಹಾಕಿದೊಡನೆ ಇದು ಹಾಡದು. ವಾಲ್ವಿನೊಳಗಿನ ತಂತಿ ಕಾದು ಕೆಂಪಾಗಬೇಕು; ಆಮೇಲೆಯೇ ಮಲ್ಲಿಕಾರ್ಜುನ ಮನ್ಸೂರರ ದನಿ ಮೆಲ್ಲಗೆ ಏಳುತ್ತದೆ. ಮೊದಲ ದಿನ, ಕೆಟ್ಟಿದೆಯೆಂದು ಅದರ ತಲೆಗೊಂದು ತಟ್ಟಲು ಕೈ ಎತ್ತಿದ್ದೆ! ಈಗ ಅದು ಕಾಯುತ್ತದೆ, ನಾನೂ ಕಾಯುತ್ತೇನೆ. ಆ ಅರ್ಧ ನಿಮಿಷವೇ ಒಂದು ಸುಖ.

ಆಗೆಲ್ಲ ಹಿಂದಿನ ಬೆಂಚಿನ ಮಕ್ಕಳು ನೆನಪಾಗುತ್ತಾರೆ. ಪ್ರಶ್ನೆ ಕೇಳಿ, ಅವರ ಬಾಯಿ ತೆರೆಯುವ ಮೊದಲೇ "ಕೂತ್ಕೋ" ಎಂದವಳು ನಾನು. ಅವರಿಗೂ ಬೇಕಾಗಿದ್ದುದು ಅರ್ಧ ನಿಮಿಷವಷ್ಟೇ ಏನೋ.