ವೇದಸಂದೂರಿನಿಂದ ದಿಂಡಿಗಲ್ಲಿಗೆ

ವೇದಸಂದೂರಿನಿಂದ ದಿಂಡಿಗಲ್ಲಿಗೆ ಸುಮಾರು 20 ಕಿಲೋಮೀಟರು. ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಇಷ್ಟಕ್ಕೂ ಯೋಜನೆಯೇ ಎಂದು ವಾಚಕರು ನಗಬಹುದು. ಆದರೆ ಹತ್ತಿರದ ಊರನ್ನು ನಾವು ನೋಡುವುದೇ ಇಲ್ಲ. ಅಂಗಡಿ, ಆಸ್ಪತ್ರೆ, ಮರಳಿ ಮನೆ, ಅಷ್ಟೆ. ಬರುವ ಭಾನುವಾರ ಮಕ್ಕಳೊಡನೆ ಹೊರಡುವುದಕ್ಕಾಗಿ ಬೇರೆಯೇ ಲೆಕ್ಕ ಹಾಕಿದ್ದೇವೆ.

ದಿಂಡಿಗಲ್ಲಿನ ಕೋಟೆ ಇರುವುದು ಬೋಳು ಬಂಡೆಯ ಮೇಲೆ. ಹೊತ್ತೇರಿದರೆ ಕಲ್ಲು ಕಾಯುತ್ತದೆ. ಆದ್ದರಿಂದ ಮೊದಲು ಕೋಟೆ, ಪೇಟೆ ಆಮೇಲೆ, ನೀರು ಮನೆಯಿಂದಲೇ. ದಾರಿಯ ವಿಷಯದಲ್ಲೂ ಎಚ್ಚರ ಬೇಕು. ಬೆಂಗಳೂರು, ಸೇಲಂ, ಕರೂರುಗಳನ್ನು ದಾಟಿ ಬರುವ 44ನೆಯ ರಾಷ್ಟ್ರೀಯ ಹೆದ್ದಾರಿ, ನಾವು ಮೈಮರೆತರೆ ಊರ ಹೊರಗಿನಿಂದಲೇ ಮದುರೆಯತ್ತ ಒಯ್ದುಬಿಡುತ್ತದೆ.

1755ರಲ್ಲಿ ಹೈದರಾಲಿಯು ಮೈಸೂರಿನ ಫೌಜುದಾರನಾಗಿ ಬಂದು ಬಲಗೊಂಡದ್ದು ಇಲ್ಲಿಯೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ದಿಂಡಿಗಲ್ಲು ಇಂಗ್ಲಿಷರ ಪಾಲಾಯಿತು. ಹಾಗೆಂದು ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ ನುಡಿಯುವ ಅನುಪ್ಪ, ಕಪ್ಪಿಲಿಯ ಕುಟುಂಬಗಳೆಲ್ಲ ಹೈದರನ ದಂಡಿನೊಡನೆ ಬಂದವರೆಂದು ಮಕ್ಕಳಿಗೆ ಹೇಳಿಬಿಡಬಾರದು. ಆ ಹಿರಿಯರ ಕಥೆಗಳು ಇನ್ನೂ ಹಿಂದಕ್ಕೆ ಹೋಗುತ್ತವೆ.

ನಮ್ಮ ಮಕ್ಕಳು ಅಜ್ಜಿಯ ಕನ್ನಡವನ್ನು ಅರ್ಥಮಾಡಿಕೊಳ್ಳುತ್ತಾರೆ, ಉತ್ತರ ಕೊಡುವುದು ಮಾತ್ರ ತಮಿಳಿನಲ್ಲಿ. ಓದುಬರಹವನ್ನು ನಾವು ಕಲಿಸಬಹುದು. ಆ ಮಾತಿನ ಧಾಟಿಯನ್ನು ಕಲಿಸಲಾರೆವು. ಅದು ಆಕೆಯೊಬ್ಬಳಲ್ಲೇ ಇದೆ, ಆಕೆಗೋ ವಯಸ್ಸಾಯಿತು. ಆದಕಾರಣ ಮುಂದಿನ ಆಸನ ಅಜ್ಜಿಗೆ. ಹೋಗುವ ಅರ್ಧ ಗಂಟೆ, ಬರುವ ಅರ್ಧ ಗಂಟೆ ರೇಡಿಯೊ ಬಂದ್. ಆಕೆ ಹೇಳಬೇಕು, ಮಕ್ಕಳು ಕೇಳಬೇಕು. ಬೆಟ್ಟ ಹತ್ತಲಾರಳು, ಬುಡದ ನೆರಳಿನಲ್ಲಿ ಕುಳಿತಿರುತ್ತಾಳೆ.

ಇಳಿದ ಮೇಲೆ ಬೀಗದಂಗಡಿಗೂ ಹೋಗಬೇಕಾಗಿದೆ. ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ನಮ್ಮ ಕಣಜದ ಬಾಗಿಲಿಗೆ ಒಂದು ಬೇಕು.