ವಾಷಿಂಗ್ಟನ್ನಿನ ಮೆಟ್ಟಿಲುಗಳು

ವಾಷಿಂಗ್ಟನ್ ಪಟ್ಟಣಕ್ಕೆ ಹೋದವರೆಲ್ಲರೂ ಕ್ಯಾಪಿಟಲ್ ಭವನದ ಗುಮ್ಮಟವನ್ನು ಕತ್ತೆತ್ತಿ ನೋಡುವುದು ವಾಡಿಕೆ. ನನ್ನನ್ನು ಅಲ್ಲಿಗೆ ಕರೆದೊಯ್ದ ಸೋದರಳಿಯನು ಮಾತ್ರ ತನ್ನ ಗಾಲಿಕುರ್ಚಿಯನ್ನು ಪಶ್ಚಿಮ ಪಾರ್ಶ್ವದಲ್ಲಿ ನಿಲ್ಲಿಸಿ, “ಮಾವ, ಗುಮ್ಮಟವನ್ನು ಆಮೇಲೆ ನೋಡಿ, ಮೊದಲು ಈ ಮೆಟ್ಟಿಲುಗಳನ್ನು ನೋಡಿ” ಎಂದನು.

1990ನೆಯ ಇಸವಿ ಮಾರ್ಚ್ 12ರಂದು ಸುಮಾರು 60 ಮಂದಿ ಅಂಗವಿಕಲರು ತಮ್ಮ ಕುರ್ಚಿಗಳನ್ನೂ ಊರುಗೋಲುಗಳನ್ನೂ ಕೆಳಗೇ ಬಿಟ್ಟು, ಈ ಸೋಪಾನವನ್ನು ತೆವಳಿಕೊಂಡು ಏರಿದರು. ಅವರಲ್ಲಿ ಜೆನಿಫರ್ ಕೀಲನ್ ಎಂಬ ಎಂಟು ವರ್ಷದ ಬಾಲಿಕೆಯೂ ಇದ್ದಳು. ಅವರ ಹಕ್ಕುಗಳ ಮಸೂದೆಯು ಆಗ ಒಳಗೆ ತಡೆದು ನಿಂತಿತ್ತು. ನಾಲ್ಕು ತಿಂಗಳು ಕಳೆದ ಮೇಲೆ, ಜುಲೈ 26ರಂದು, ಅಧ್ಯಕ್ಷರಾಗಿದ್ದ ಹಿರಿಯ ಬುಷ್ ಅವರು ಅದಕ್ಕೆ ಅಂಕಿತ ಹಾಕಿದರು. ಬಿಸಿಲಿನಲ್ಲಿ ಬೆಳಗುತ್ತಿದ್ದ ಆ ಕಲ್ಲುಗಳನ್ನು ನೋಡುತ್ತ ನಾನು ಬಹು ಹೊತ್ತು ಮಾತನಾಡಲಿಲ್ಲ.

ಆ ಪಟ್ಟಣದಲ್ಲಿ ನಾಲ್ಕು ದಿನ ತಿರುಗಿದೆವು. ನೆಲದಡಿಯ ರೈಲಿನ ನಿಲ್ದಾಣಗಳೆಲ್ಲಕ್ಕೂ ಲಿಫ್ಟುಂಟು. ಬಸ್ಸು ನಿಂತೊಡನೆ ಬಾಗಿಲಿನಿಂದ ಹಲಗೆಯೊಂದು ಚಾಚಿ ಕಾಲುದಾರಿಯ ಅಂಚನ್ನು ಮುಟ್ಟುತ್ತದೆ. ಚಾಲಕನು ಬೇಸರಪಡಲಿಲ್ಲ, ಜನರು ಕನಿಕರದಿಂದ ದಿಟ್ಟಿಸಲೂ ಇಲ್ಲ. ನನಗೆ ಹೆಚ್ಚು ಆಶ್ಚರ್ಯವನ್ನುಂಟುಮಾಡಿದುದು ಈ ಎರಡನೆಯದೇ.

ನ್ಯೂಯಾರ್ಕಿನ ಸಂಗತಿಯೇ ಬೇರೆ. ಅಲ್ಲಿನ ಸುರಂಗ ರೈಲು 1904ರಷ್ಟು ಹಳೆಯದು. ಶಾಸನವು ಹೊಸದಾಗಿ ಕಟ್ಟುವುದನ್ನು ಬಿಗಿಯಾಗಿ ಹಿಡಿಯಿತು. ಹಳೆಯ ನಿಲ್ದಾಣಗಳಲ್ಲಿ ಮುಖ್ಯವಾದ ಕೆಲವನ್ನು ತಿದ್ದಿದರೆ ಸಾಕೆಂದಿತು. 472 ನಿಲ್ದಾಣಗಳಲ್ಲಿ ಗಾಲಿಕುರ್ಚಿ ಇಳಿಯಬಲ್ಲವು ಅರ್ಧಕ್ಕಿಂತ ಬಹಳ ಕಡಿಮೆ. ವ್ಯಾಜ್ಯಗಳ ಬಳಿಕ 2022ರಲ್ಲಿ ಆದ ಒಪ್ಪಂದದಂತೆ ನೂರಕ್ಕೆ 95 ನಿಲ್ದಾಣಗಳು ಸರಿಯಾಗಬೇಕಾದುದು 2055ಕ್ಕೆ! ಆಗ ನನ್ನ ಅಳಿಯನಿಗೆ ಅರುವತ್ತು ದಾಟಿರುತ್ತದೆ. “ಅಂಗಡಿಯ ಮುಂದೆ ಒಂದು ಮೆಟ್ಟಿಲು ಉಳಿಸಿಕೊಂಡವನನ್ನು ಹುಡುಕಿಕೊಂಡು ಬರುವ ಅಧಿಕಾರಿ ಇಲ್ಲಿಲ್ಲ, ಮಾವ. ಒಳಗೆ ಹೋಗಲಾಗದವನೇ ದೂರು ಕೊಡಬೇಕು, ದಾವೆ ಹೂಡಬೇಕು” ಎಂದು ಅವನು ನಕ್ಕನು.

ನಮ್ಮ ದೇಶದಲ್ಲಿಯೂ 1995ರಲ್ಲೊಂದು, 2016ರಲ್ಲಿ ಅದಕ್ಕಿಂತ ವಿಸ್ತಾರವಾದ ಇನ್ನೊಂದು ಶಾಸನವಾಗಿದೆ. ಇದ್ದ ಸಾರ್ವಜನಿಕ ಕಟ್ಟಡಗಳನ್ನು ತಿದ್ದಲು ಕೊಟ್ಟ ಐದು ವರ್ಷಗಳ ಗಡುವು 2022ರಲ್ಲಿಯೇ ತೀರಿತು. ಈ ವಿಷಯದ ನಿಯಮಗಳು ಬರಿಯ ಸಲಹೆಯಾಗಿರಬಾರದು, ಕಡ್ಡಾಯವಾಗಬೇಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು.

ಹೊರಡುವ ದಿನ ಅಳಿಯನನ್ನು ಅವನ ತಂಗಿಯ ವಿವಾಹಕ್ಕೆ ಕರೆದೆನು. ಏಳು ವರ್ಷಗಳಿಂದ ಅವನು ಊರಿಗೆ ಬಂದಿರಲಿಲ್ಲ. ಅವನು ಸ್ವಲ್ಪ ತಡೆದು, “ಛತ್ರದ ಬಾಗಿಲಿಗೆ ಎಷ್ಟು ಮೆಟ್ಟಿಲು, ಮಾವ? ಎಲ್ಲರೆದುರಿಗೆ ನನ್ನನ್ನು ಹೊತ್ತುಕೊಂಡು ಹೋಗುವುದು ಬೇಡ” ಎಂದನು. ನಲವತ್ತು ವರ್ಷ ಆ ಛತ್ರವನ್ನು ಹತ್ತಿ ಇಳಿದಿದ್ದ ನನಗೆ ಉತ್ತರ ತಿಳಿದಿರಲಿಲ್ಲ.

ಊರನ್ನು ಸೇರಿದ ಮರುದಿನವೇ ಹೋಗಿ ಎಣಿಸಿದೆನು. ಹನ್ನೊಂದು. ಚಪ್ಪಲಿ ಬಿಡುವ ಬದಿಯಲ್ಲಿ ಇಳಿಜಾರು ಕಟ್ಟಲು ಸ್ಥಳವುಂಟು. ಪಾರುಪತ್ಯಗಾರರು ಆಲೋಚಿಸಿ ಹೇಳುವೆವೆಂದಿದ್ದಾರೆ. ವಿವಾಹವು ಮಾಘಮಾಸದಲ್ಲಿ.