ರೊಟ್ಟಿ ಹಾಡುತ್ತಿದೆಯೇ?

ಈ ಬರಹವನ್ನು ಒಂದು ಸುಳ್ಳಿನಿಂದ ಆರಂಭಿಸಬೇಕಾಗಿದೆ. ಆ ಸುಳ್ಳನ್ನು ಹೇಳಿದವನು ನಾನೇ.

ವ್ಯಾಸಂಗಕ್ಕೆಂದು 2003ರಲ್ಲಿ ಫ್ರಾನ್ಸಿನ ಲಿಯೋನ್ ನಗರಕ್ಕೆ ಹೋದಾಗ ವೃದ್ಧ ಗುರುಗಳೊಬ್ಬರ ನಿವಾಸದಲ್ಲಿ ನನಗೆ ಆಶ್ರಯ ದೊರೆಯಿತು. ಅಲ್ಲಿ ಬಹುಮಂದಿ ಬ್ರೆಡ್ಡನ್ನು ಬೇಕರಿಯಿಂದಲೇ ತರುತ್ತಾರೆ. ನಮ್ಮ ಗುರುಗಳಾದರೋ ಶನಿವಾರ ರಾತ್ರಿ ತಾವೇ ಹಿಟ್ಟನ್ನು ಕಲಸಿಡುತ್ತಿದ್ದರು. ಹಿಟ್ಟು, ನೀರು, ಉಪ್ಪು, ಚಿಟಿಕೆ ಯೀಸ್ಟ್, ಎಣ್ಣೆಯಿಲ್ಲ, ಸಕ್ಕರೆಯಿಲ್ಲ. ('ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್' ಎಂದು ಮಾರುವವರು ಹಿಟ್ಟನ್ನು ಹೆಪ್ಪುಗಟ್ಟಿಸಿ ಇಡಕೂಡದೆಂದು 1993ರಲ್ಲಿ ಅಲ್ಲಿನ ಸರ್ಕಾರವೇ ಆಜ್ಞೆ ಹೊರಡಿಸಿದೆ. ಬ್ರೆಡ್ಡಿಗಾಗಿ ಕಾನೂನು!) ಬೆಂದ ಬ್ರೆಡ್ಡು ಹೊರಬಂದೊಡನೆ ಅವರು ಅದರತ್ತ ಕಿವಿಯಿಟ್ಟು, ಕೈಸನ್ನೆಯಿಂದ ನನ್ನನ್ನೂ ಕರೆಯುತ್ತಿದ್ದರು. ಆರುವಾಗ ಮೇಲಿನ ಗಟ್ಟಿ ಪದರ ಬಿರಿದು ಚಿಟಚಿಟನೆ ಸದ್ದು ಮಾಡುತ್ತದೆ. ಅದನ್ನು ಅಲ್ಲಿಯವರು 'ರೊಟ್ಟಿ ಹಾಡುತ್ತಿದೆ' ಎನ್ನುತ್ತಾರೆ. ಆಮೇಲೆ ಬ್ರೆಡ್ಡನ್ನು ಮಗುಚಿ, ತಳದ ಮೇಲೆ ಚಾಕುವಿನ ತುದಿಯಿಂದ ಶಿಲುಬೆಯ ಗುರುತೆಳೆದು ಕೊಯ್ಯುತ್ತಿದ್ದರು.

2005ರಲ್ಲಿ ಹೊರಟು ನಿಂತಾಗ ಕ್ರಮವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅಂದಿನಿಂದ ಪ್ರತಿ ಕ್ರಿಸ್ಮಸ್ ಪತ್ರದ ಕೊನೆಗೂ ಒಂದೇ ಪ್ರಶ್ನೆ: "ರೊಟ್ಟಿ ಹಾಡುತ್ತಿದೆಯೇ?"

ಇಲ್ಲಿ ನನ್ನ ಮೊದಲ ಹಿಟ್ಟು ದೋಸೆಯಂತೆ ಹರಡಿತು. ಎರಡನೆಯದು ಬೆಂದರೂ ಬಿಳಿಚಿಕೊಂಡಿತ್ತು. ಮೂರನೆಯದನ್ನು ಗುರುನಿವಾಸದ ನಾಯಿಯೂ ಮೂಸಿ ನೋಡಿ ಬಿಟ್ಟಿತು. ನಾಚಿಕೆಯಿಂದ "ಹಾಡುತ್ತಿದೆ" ಎಂದು ಬರೆದೆ. ಮರುವರ್ಷ, ಧರ್ಮಕೇಂದ್ರದ ಮಕ್ಕಳು ಕೇಳಿ ಕೇಳಿ ತಿನ್ನುತ್ತಾರೆಂದು ಸೇರಿಸಿದೆ. ಅವರ ಸಂತೋಷದ ಉತ್ತರ ಓದಿದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ. ಇತರರ ತಪ್ಪೊಪ್ಪಿಗೆಯನ್ನು ಕೇಳುವವನು ನಾನು! 2014ರಲ್ಲಿ ಅವರು ತೀರಿಕೊಂಡರು.

2022ರ ನವೆಂಬರಿನಲ್ಲಿ ಫ್ರೆಂಚರ ಬಾಗೆಟ್ ತಯಾರಿಕೆಯ ಕೌಶಲ ಯುನೆಸ್ಕೊ ಪಟ್ಟಿಗೆ ಸೇರಿದ ಸುದ್ದಿಯೋದಿ, ಆ ಚೀಟಿಯನ್ನು ಹುಡುಕಿ ತೆಗೆದೆ. ಅದರಲ್ಲಿ 'ಮುಚ್ಚಿ ಬೇಯಿಸು' ಎಂದಿತ್ತು. ನಾನು ಅದನ್ನು ಲೆಕ್ಕಿಸದೆ ತೆರೆದ ತಟ್ಟೆಯಲ್ಲಿಯೇ ಬೇಯಿಸಿದ್ದೆ! ಗರಿಗರಿಯಾಗಬೇಕಾದ ಪದರಕ್ಕೆ ಮೊದಲು ಬೇಕಾದುದು ತೇವ. ಹಬೆಯೊಳಗೆ ಮೇಲ್ಮೈ ಬೇಗ ಒಣಗದೆ, ಒಳಗಿನ ಹಿಟ್ಟು ಉಬ್ಬಲು ಎಡೆಗೊಡುತ್ತದೆ. ಅಲ್ಲಿನ ಪಿಷ್ಟ ಅಂಟಾಗಿ, ಬಳಿಕ ಒಣಗಿ ಹೊಳೆಯುತ್ತದೆ. ನೀರಿನ ಅಳತೆಯೂ ಅವರ ಹಿಟ್ಟಿನದು. 500 ಗ್ರಾಂ ಹಿಟ್ಟಿಗೆ 350 ಗ್ರಾಂ ಎಂದಿತ್ತು. ನನ್ನ ಮೈದಾಕ್ಕೆ 320 ಸಾಕಾಯಿತು. ಉಪ್ಪು 10 ಗ್ರಾಂ, ಒಣ ಯೀಸ್ಟ್ 2 ಗ್ರಾಂ. ನಮ್ಮ ಸೆಕೆಗೆ ಹುಳಿಯದಿರಲೆಂದು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಬೀಡು ಕಬ್ಬಿಣದ ಪಾತ್ರೆಯನ್ನು ಮುಚ್ಚಳಸಹಿತ 230 ಡಿಗ್ರಿಯ ಓವನ್ನಿನಲ್ಲಿ ಅರ್ಧ ಗಂಟೆ ಕಾಯಿಸಿ, ಹಿಟ್ಟಿನುಂಡೆಯನ್ನು ಅದರೊಳಗಿಟ್ಟು, ಬ್ಲೇಡಿನಿಂದ ಮೇಲೊಂದು ಗೀರು ಎಳೆದೆ. ಮುಚ್ಚಿ 20 ನಿಮಿಷ, ಮುಚ್ಚಳ ತೆಗೆದು ಮತ್ತೆ 25 ನಿಮಿಷ.

ಮೇಜಿನ ಮೇಲಿಟ್ಟು ಕಾದೆ. ಅಡುಗೆಯ ಅಮ್ಮ ಒಳಬಂದವರು ತಟ್ಟನೆ ನಿಂತರು.

"ಫಾದರ್, ಅದೇನು ಚಿಟಚಿಟ ಸದ್ದು? ಓವನ್ ಕೆಟ್ಟು ಹೋಯಿತಾ?"

ಉತ್ತರಿಸಲು ನನಗೆ ಧ್ವನಿ ಬರಲಿಲ್ಲ. ಕೈಸನ್ನೆಯಿಂದ ಅವರನ್ನೂ ಹತ್ತಿರ ಕರೆದೆ.